ಒತ್ತಕ್ಷರನ ಶೋಕಾರ್ಯಕ್ರಮ

ಭಾವ ತೀರಿಕೊಂಡರೆಂಬ ಸುದ್ದಿ ಬಂದಾಗ ಒತ್ತಕ್ಷರ ಏಣಿಯ ಮೇಲಿದ್ದ. ಸೋಮವಾರ ಬೆಳಗ್ಗೆ ಹತ್ತು ಗಂಟೆ. ಟಾಕೀಸಿನ ಮುಂಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ‘ಬ್ರಿಟಿಷ್’ ಎಂದು ಕೆಂಪು ಬಣ್ಣದಲ್ಲಿ ಬರೆದು, ಷಕಾರದ ಹೊಟ್ಟೆ ಸೀಳುವ ಗೆರೆಯನ್ನು ದಪ್ಪ ಮಾಡುತ್ತಿದ್ದ. ಎದುರು ಸಾಲಿನ ದರ್ಜಿ ಕತ್ತರಿಯನ್ನು ಕೈಯಲ್ಲೇ ಹಿಡಿದು ಓಡಿಬಂದು, ಆಸ್ಪತ್ರೆಯಿಂದ ಫೋನು ಬಂದಿದೆ, ಇಳಿದು ಬಾ ಎಂದ. ಏನೆಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹೇಳಿದ ದಿನಕ್ಕೆ ಒಂದು ಅಂಗಿಯನ್ನೂ ಹೊಲಿದುಕೊಡದೆ ಮೂವತ್ತು ವರ್ಷ ಕಳೆದ ಮನುಷ್ಯ ಓಡಿಬಂದಿದ್ದಾನೆಂದರೆ ವಿಷಯ ಏನೆಂದು ಯಾರಿಗಾದರೂ ತಿಳಿಯುತ್ತದೆ. ಒತ್ತಕ್ಷರ ಕುಂಚವನ್ನು ಡಬ್ಬಿಯಲ್ಲಿಡಲು ಹೋಗಿ ಅಂಗಿಯ ಜೇಬಿನಲ್ಲಿಟ್ಟ. ಏಣಿ ಇಳಿಯುವ ಹೊತ್ತಿಗೆ ಎದೆಯ ಮೇಲೆ ಅಂಗೈಯಗಲದ ಕೆಂಪು ಕಲೆ ಹರಡಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಇವನನ್ನೇ ಮೊದಲು ಹಿಡಿದು ಮಲಗಿಸಿದಳು.

ಒತ್ತಕ್ಷರ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವನ ಕಸುಬು ಬೋರ್ಡು ಬರೆಯುವುದು, ಅವನ ದೋಷ ಅಕ್ಷರಗಳನ್ನು ಒತ್ತಿ ಒತ್ತಿ ಬರೆಯುವುದು. ಮೊದಲ ಪದವನ್ನು ಆನೆಯಷ್ಟು ದೊಡ್ಡದಾಗಿ ಬರೆಯುತ್ತಿದ್ದ. ಆಮೇಲೆ ಜಾಗ ಸಾಲದೆ ಉಳಿದ ಪದಗಳನ್ನು ಬಸ್ಸಿನ ಜನರಂತೆ ಒಂದರ ಮೇಲೊಂದು ತುಂಬುತ್ತಿದ್ದ. ತೀರಾ ಜಾಗವಿಲ್ಲದಾಗ ಒಂದೆರಡು ಅಕ್ಷರಗಳನ್ನು ನುಂಗಿಬಿಡುತ್ತಿದ್ದುದೂ ಉಂಟು. ಒಮ್ಮೆ ಹಲ್ಲಿನ ವೈದ್ಯರ ಬೋರ್ಡಿನಲ್ಲಿ ‘ಹಲ್ಲಿ’ ಎಂಬುದು ಮೇಲಿನ ಸಾಲಿಗೂ ‘ನವೈದ್ಯರು’ ಎಂಬುದು ಕೆಳಗಿನ ಸಾಲಿಗೂ ಹೋಯಿತು. ಆ ಸಜ್ಜನರು ಇಂದಿಗೂ ಗೋಡೆಯ ಹಲ್ಲಿ ಓಡಿಸುವುದು ಹೇಗೆಂದು ಕೇಳುವವರಿಗೆಲ್ಲ ಸಮಾಧಾನ ಹೇಳುತ್ತಿದ್ದಾರೆ.

ಭಾವ ಇವನಿಗೆ ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು. “ಅಕ್ಷರಕ್ಕೂ ಉಸಿರಾಡೋಕೆ ಜಾಗ ಬೇಕು ಕಣೋ. ಪದ ಪದದ ನಡುವೆ ಒಂದು ಬೆರಳಾದರೂ ಬಿಡು.” ಭಾವ ಎಂದರೆ ಅಕ್ಕನ ಗಂಡ, ಆ ಟಾಕೀಸಿನ ಆಪರೇಟರು. ಮೂವತ್ತು ವರ್ಷ ಪ್ರೊಜೆಕ್ಟರಿನ ಕ್ಯಾಬಿನ್ನಿನಲ್ಲಿ ಕುಳಿತು, ಸಣ್ಣ ಕಿಂಡಿಯಿಂದ ಲೋಕ ನೋಡಿದವರು. ಮಾತು ಬಹಳ ಕಡಿಮೆ.

ಸಾಯುವ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಅವರು ಮೈದುನನ ಕೈ ಹಿಡಿದು ಒಂದು ಕೋರಿಕೆ ಇಟ್ಟಿದ್ದರು. ಊರಿನ ಚಿತ್ರಸಂಘ ಆ ಶನಿವಾರದಿಂದ ಬ್ರಿಟಿಷ್ ಸಿನಿಮಾಗಳ ಉತ್ಸವ ಇಟ್ಟುಕೊಂಡಿತ್ತು. ಹೊಸವು ಆರು, ಹಳೆಯದು ಒಂದು. ಹೊಸವು ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ಬಂದಿದ್ದವು, ಗುಂಡಿ ಒತ್ತಿದರೆ ತಾವಾಗಿಯೇ ಓಡುವಂಥವು. ಹಳೆಯದು ಭಾವನ ಪ್ರೀತಿಯ ಕಪ್ಪುಬಿಳುಪಿನ ಚಿತ್ರ. ಒಬ್ಬ ಅಂಚೆಯವನ ಕಥೆ, ಮಾತು ಕಡಿಮೆ, ನಗು ಹೆಚ್ಚು. ಒಂಬತ್ತು ರೀಲು, ಒಂಬತ್ತು ತಗಡಿನ ಡಬ್ಬಿ. ಅದನ್ನು ಓಡಿಸಲು ಹಳೆಯ ಪ್ರೊಜೆಕ್ಟರೇ ಬೇಕು.

“ಆ ಸಿನಿಮಾನ ನಾಲ್ಕು ಸಲ ಹಾಕಿದೀನಿ,” ಎಂದಿದ್ದರು ಭಾವ. “ಒಂದು ಸಲವೂ ಹತ್ತು ಜನ ಬರಲಿಲ್ಲ. ತುಂಬಿದ ಟಾಕೀಸಲ್ಲಿ ಅದು ಹೆಂಗಿರತ್ತೆ ಅಂತ ಒಂದು ಸಲ ನೋಡ್ಬೇಕಿತ್ತು. ನಾನಿಲ್ಲದಿದ್ದರೆ ನೀನು ನೋಡು.”

ಒತ್ತಕ್ಷರ ಆಗಲಿ ಎಂದಿದ್ದ. ಆಗಲಿ ಎನ್ನುವುದು ಅವನಿಗೆ ಯಾವಾಗಲೂ ಸುಲಭ.

ಸೋಮವಾರ ಸಂಜೆ ಅಕ್ಕನ ಮನೆಯ ನಡುಕೋಣೆಯಲ್ಲಿ ನೆಂಟರಿಷ್ಟರು ತುಂಬಿದ್ದರು. ಚಿಕ್ಕಮ್ಮ ಬಂದವರಿಗೆಲ್ಲ ಸುದ್ದಿಯನ್ನು ಮೊದಲಿನಿಂದ ಹೇಳಿ, ಹೇಳಿದಷ್ಟು ಸಲವೂ ಹೊಸದಾಗಿ ಅಳುತ್ತಿದ್ದಳು. ಅಕ್ಕ ಮಾತ್ರ ಗೋಡೆಗೊರಗಿ, ಗಂಡನಿಗೆ ಊಟ ಒಯ್ಯುತ್ತಿದ್ದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಅಳಲಿಲ್ಲ. ಆ ಹೊತ್ತಿಗೆ ಚಿತ್ರಸಂಘದ ಕಾರ್ಯದರ್ಶಿ ಬಂದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಎರಡು ಮಾತು ಸಂತಾಪ ಹೇಳಿ, ಮೂರನೆಯದಕ್ಕೆ ತಡವರಿಸಿದರು. ಆ ಮಿಷನ್ನು ಬಲ್ಲವರು ಸುತ್ತಮುತ್ತ ಇನ್ಯಾರೂ ಇಲ್ಲ, ಅಂಚೆಯವನ ಸಿನಿಮಾ ಕೈಬಿಟ್ಟು ಡಬ್ಬಿಗಳನ್ನು ಹಿಂದಕ್ಕೆ ಕಳಿಸಬೇಕಾಗಿದೆ ಎಂದರು.

ಒತ್ತಕ್ಷರನ ಬಾಯಿಂದ ಮಾತು ಅವನಿಗಿಂತ ಮೊದಲೇ ಹೊರಬಿತ್ತು. “ಯಾಕೆ ಕಳಿಸಬೇಕು ಮೇಷ್ಟ್ರೇ? ಭಾವ ನನಗೆ ಎಲ್ಲಾ ಹೇಳಿಕೊಟ್ಟಿದಾರೆ. ಕಣ್ಣು ಕಟ್ಟಿದರೂ ಓಡಿಸ್ತೀನಿ.”

ಕೋಣೆಯಲ್ಲಿ ಮೆಚ್ಚುಗೆಯ ಪಿಸುಮಾತು ಹರಿದಾಡಿತು. ಚಿಕ್ಕಮ್ಮ, ಎಂಥಾ ಮೈದುನ ಎಂದು ಮತ್ತೊಂದು ಸುತ್ತು ಅತ್ತಳು. ನಿಜ ಹೇಳಬೇಕೆಂದರೆ ಒತ್ತಕ್ಷರ ಆ ಕ್ಯಾಬಿನ್ನಿಗೆ ಹೋದದ್ದು ಒಟ್ಟು ಮೂರು ಸಲ. ಎರಡು ಸಲ ಟಾರ್ಚು ಹಿಡಿದಿದ್ದ, ಒಂದು ಸಲ ಎಣ್ಣೆಯ ಡಬ್ಬಿ ಉರುಳಿಸಿದ್ದ. ಭಾವ ಅವನಿಗೆ ಅಲ್ಲಿ ಹೇಳಿಕೊಟ್ಟದ್ದು, ದೂರ ನಿಲ್ಲು ಎಂಬ ಎರಡು ಪದಗಳನ್ನು ಮಾತ್ರ. ಅಕ್ಕ ತಲೆಯೆತ್ತಿ ತಮ್ಮನನ್ನೊಮ್ಮೆ ನೋಡಿದಳು.

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಬೋರ್ಡನ್ನೂ ನೀನೇ ಮುಗಿಸು, ಒಂದು ಮೂಲೆಯಲ್ಲಿ ನಿಮ್ಮ ಭಾವನವರ ಸಣ್ಣದೊಂದು ಫೋಟೋ ಇರಲಿ ಎಂದು ಹೇಳಿ, ಬರೆಯಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ಚೀಟಿಯಲ್ಲಿದ್ದುದು ಇಷ್ಟು: ಬ್ರಿಟಿಷ್ ಚಿತ್ರೋತ್ಸವ, ಹೊಸ ಹಾಗೂ ಹಳೆಯ ಚಿತ್ರಗಳು, ಶೋ ಕಾರ್ಯಕ್ರಮ, ಶನಿವಾರ ಸಂಜೆ ಐದಕ್ಕೆ, ಎಲ್ಲರಿಗೂ ಸ್ವಾಗತ.

ಮೂವತ್ತು ವರ್ಷ ದುಡಿದ ಮನುಷ್ಯನನ್ನು ಮೂಲೆಯಲ್ಲಿ ಕೂರಿಸುವುದೆಂದರೇನು? ಬುಧವಾರ ಒತ್ತಕ್ಷರ ಭಾವನ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಬೋರ್ಡಿನ ನಟ್ಟನಡುವೆ ಅಂಟಿಸಿದ. ಭಾವನದು ಇದ್ದುದೇ ಒಂದು ಫೋಟೋ. ಪ್ರಾಯದಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಸ್ಟುಡಿಯೋದವನು ಯಾರೇ ಹೋಗಲಿ, ತನ್ನಲ್ಲಿದ್ದ ಒಂದೇ ಕೋಟು, ಒಂದೇ ಟೈ, ಒಂದೇ ಹ್ಯಾಟು ತೊಡಿಸಿ ನಿಲ್ಲಿಸುತ್ತಿದ್ದ. ಫೋಟೋದ ಮೇಲೆ ಆನೆಗಾತ್ರದಲ್ಲಿ ‘ಬ್ರಿಟಿಷ್’ ಆಗಲೇ ಇತ್ತು. ‘ಚಿತ್ರೋತ್ಸವ’ಕ್ಕೆ ಅಲ್ಲಿ ಜಾಗ ಉಳಿದಿರಲಿಲ್ಲ. ಅದನ್ನೂ ಹೊಸ ಹಳೆಯ ಸಂಗತಿಯನ್ನೂ ಒತ್ತಕ್ಷರ ಬೋರ್ಡಿನ ಅಡಿಯಂಚಿಗೆ ಇರುವೆಯ ಗಾತ್ರದಲ್ಲಿ ಇಳಿಸಿದ. ಫೋಟೋದ ಕೆಳಗೆ ಕಪ್ಪು ಬಣ್ಣದಲ್ಲಿ, ಶೋ ಮತ್ತು ಕಾರ್ಯಕ್ರಮದ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದೆ, ಒಂದೇ ಉಸಿರಿಗೆ ಬರೆದ: ‘ಶೋಕಾರ್ಯಕ್ರಮ’.

ಊರಿನವರು ಒತ್ತಕ್ಷರನ ಬೋರ್ಡುಗಳನ್ನು ಓದಿ ಪಳಗಿದವರು. ಎಂದಿನಂತೆ ಒಂದು ಕಕಾರ ನುಂಗಿದ್ದಾನೆ ಎಂದುಕೊಂಡು ತಾವೇ ಉದಾರವಾಗಿ ತಿದ್ದಿಕೊಂಡರು. ಶೋಕ ಕಾರ್ಯಕ್ರಮ. ಮೇಲೆ ಬ್ರಿಟಿಷ್. ನಡುವೆ ಹ್ಯಾಟು ಹಾಕಿದವರು. ಇನ್ನೇನು ಬೇಕು?

ಮೊದಲು ಬೆರಗಾದವನು ದರ್ಜಿ. ಮೂವತ್ತು ವರ್ಷ ಎದುರುಬದುರು ಇದ್ದೂ ತನಗೆ ಗೊತ್ತಾಗದೆ ಹೋಯಿತಲ್ಲ ಎಂದು ಅಂಗಡಿಗೆ ಬಂದವರೊಡನೆಲ್ಲ ಹಲುಬಿದ. “ಬ್ರಿಟಿಷರು ಕಣಯ್ಯ ಅವರು. ಅದಕ್ಕೇ ಮಾತು ಅಷ್ಟು ಕಮ್ಮಿ. ನಾನು ನಮಸ್ಕಾರ ಅಂದ್ರೆ ಬರೀ ತಲೆ ಆಡಿಸ್ತಿದ್ರು. ನಮ್ಮ ಭಾಷೆ ಪೂರ್ತಿ ಬರ್ತಿರಲಿಲ್ಲ, ಪಾಪ.”

ಭಾವ ಈ ದರ್ಜಿಯೊಡನೆ ಮೂರು ಸಲ ಪ್ಯಾಂಟಿನ ಉದ್ದದ ವಿಷಯವಾಗಿ ಅಚ್ಚಕನ್ನಡದಲ್ಲಿ ಜಗಳವಾಡಿದ್ದರು. ಅದು ಈಗ ಯಾರಿಗೂ ನೆನಪಿಗೆ ಬರಲಿಲ್ಲ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಭಾವ ಬ್ರಿಟಿಷ್ ದೊಡ್ಡ ಮನೆತನದವರಾಗಿದ್ದರು. ಸಂಜೆಗೆ, ಆಸ್ತಿಪಾಸ್ತಿ ಬಿಟ್ಟು ಸಿನಿಮಾದ ಪ್ರೀತಿಗಾಗಿ ಇಲ್ಲಿಗೆ ಬಂದು ನೆಲೆಸಿದವರಾದರು. ಶುಕ್ರವಾರ ನಗರಸಭೆಯ ಅಧಿಕಾರಿ ಸಾಹೇಬರು ಕಾರಿನ ಕಿಟಕಿಯಿಂದ ಬೋರ್ಡು ನೋಡಿದರು. ಹೊರದೇಶದವರ ಶೋಕಸಭೆ ತಮ್ಮ ಹದ್ದಿನಲ್ಲಿ, ತಮಗೆ ತಿಳಿಯದೆ. ಗುಮಾಸ್ತನನ್ನು ವಿಚಾರಿಸಲು ಕಳಿಸಿದರು. ಗುಮಾಸ್ತ ಬಂದು ವಿಚಾರಿಸಿದ್ದು ದರ್ಜಿಯನ್ನು. ಅರ್ಧ ಗಂಟೆಯಲ್ಲಿ ಕಚೇರಿಯಿಂದ ಆಜ್ಞೆ ಹೊರಟಿತು: ಸಿಬ್ಬಂದಿಯೆಲ್ಲ ಶನಿವಾರ ಸಂಜೆ ಕುಟುಂಬಸಮೇತ ಹಾಜರಿರತಕ್ಕದ್ದು, ದೊಡ್ಡ ಹೂಚಕ್ರ ಸಿದ್ಧವಾಗತಕ್ಕದ್ದು, ಎರಡು ಪುಟದ ಸಂತಾಪ ಭಾಷಣ ಬೆರಳಚ್ಚಾಗತಕ್ಕದ್ದು.

ಇಷ್ಟೆಲ್ಲ ನಡೆಯುವಾಗ ಒತ್ತಕ್ಷರನಿಗೆ ಏನೂ ಗೊತ್ತಿರಲಿಲ್ಲ. ಅವನು ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ಎದುರು ಕುಳಿತು, ಎಮ್ಮೆ ಮೊದಲ ಸಲ ಕಂಡವನು ಎಲ್ಲಿ ಹಾಲು ಎಂದು ಹುಡುಕುವಂತೆ ಅದರ ಸುತ್ತ ಕಣ್ಣಾಡಿಸುತ್ತಿದ್ದ. ಶನಿವಾರ ಮಧ್ಯಾಹ್ನವಾದರೂ ದೀಪ ಹೊತ್ತಿಸುವ ಗುಂಡಿ ಯಾವುದೆಂಬ ಒಂದು ಸಂಗತಿ ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಆಗ ಬಾಗಿಲು ಸರಿಸಿ ಅಕ್ಕ ಒಳಗೆ ಬಂದಳು. ಮನೆಯಲ್ಲಿ ದುಃಖ ಇಟ್ಟುಕೊಂಡು ಸಿನಿಮಾಕ್ಕೆ ಹೋಗುತ್ತೀಯಾ ಎಂದು ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. ಸಿನಿಮಾಕ್ಕಲ್ಲ, ಅವರ ಕೆಲಸದ ಜಾಗಕ್ಕೆ ಹೋಗ್ತಿದೀನಿ ಎಂದು ಹೇಳಿ ಬಂದಿದ್ದಳು.

“ಏನೇನು ಹೇಳಿಕೊಟ್ಟಿದ್ರು?” ಎಂದಳು.

ಒತ್ತಕ್ಷರ ನೆಲ ನೋಡಿದ. “ದೂರ ನಿಲ್ಲು ಅಂದಿದ್ರು ಅಕ್ಕ.”

“ಸರಿ. ಹಾಗಾದರೆ ದೂರ ನಿಲ್ಲು.”

ಮೂವತ್ತು ವರ್ಷ ದಿನಕ್ಕೊಂದು ಸಲ ಊಟ ತಂದು, ಗಂಡನ ಊಟ ಮುಗಿಯುವವರೆಗೆ ಆ ಸ್ಟೂಲಿನ ಮೇಲೆ ಕುಳಿತು ನೋಡಿದವಳು ಅಕ್ಕ. ಅವಳ ಕೈ ಆ ಹಲ್ಲುಚಕ್ರಗಳ ನಡುವೆ ಫಿಲಂ ಪಟ್ಟಿಯನ್ನು ಜಡೆ ಹೆಣೆಯುವಂತೆ ಹೆಣೆಯಿತು. ಒಂದೇ ತೊಡಕೆಂದರೆ ಅವಸರದಲ್ಲಿ ಕನ್ನಡಕ ಮನೆಯಲ್ಲೇ ಉಳಿದಿತ್ತು. ಡಬ್ಬಿಯ ಮೇಲಿನ ಸಂಖ್ಯೆ ಓದಿ, ಕ್ರಮವಾಗಿ ಕೊಡುವುದೊಂದೇ ನಿನ್ನ ಕೆಲಸ ಎಂದಳು. ಬೋರ್ಡು ಬರೆಯುವವನಿಗೆ ಸಂಖ್ಯೆ ಓದಲು ಬಾರದೇ ಎಂದು ಒತ್ತಕ್ಷರ ಎದೆ ಸೆಟೆಸಿದ.

ಭಾವ ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಕನ್ನಡ ಅಂಕಿಗಳನ್ನು ಬರೆದಿದ್ದರು. ಒತ್ತಕ್ಷರನೋ ಬೋರ್ಡುಗಳಲ್ಲಿ ಫೋನ್ ನಂಬರನ್ನು ಇಂಗ್ಲಿಷ್ ಅಂಕಿಯಲ್ಲೇ ಬರೆದು ರೂಢಿಯಾದವನು. ಕನ್ನಡದ ಆರೂ ಒಂಬತ್ತೂ ಅವಳಿ ಮಕ್ಕಳಿದ್ದಂತೆ. ಯಾವುದು ಯಾವುದೆಂದು ಬಾಲದ ಕೊಂಕು ನೋಡಿ ಹೇಳಬೇಕು. ಸೀಮೆಸುಣ್ಣದ ಬಾಲಗಳು ಅರ್ಧ ಅಳಿಸಿದ್ದವು. ಅವನು ಒಂದನ್ನು ಆರು ಎಂದು ತೀರ್ಮಾನಿಸಿ ಐದರ ಪಕ್ಕಕ್ಕಿಟ್ಟ, ಇನ್ನೊಂದನ್ನು ಕೊನೆಗಿಟ್ಟ. ಈ ತೀರ್ಮಾನಕ್ಕೆ ಅವನು ತೆಗೆದುಕೊಂಡ ಸಮಯ ಒಂದು ಕ್ಷಣ.

ನಾಲ್ಕೂ ಮುಕ್ಕಾಲಿಗೆ ಮೇಷ್ಟ್ರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮುಖ ಬಿಳಿಚಿಕೊಂಡಿತ್ತು. ಕಿಂಡಿಯಿಂದ ನೋಡು ಎಂದು ಸನ್ನೆ ಮಾಡಿದರು. ಒತ್ತಕ್ಷರ ನೋಡಿದ. ಕೆಳಗೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬಾಲ್ಕನಿ ತುಂಬಿತ್ತು, ಗೋಡೆಯ ಪಕ್ಕ ಜನ ನಿಂತಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪಕ್ಕದ ಕುರ್ಚಿಯಲ್ಲಿ ಹೂಚಕ್ರ. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು. ಒಂದು ಕೆಮ್ಮೂ ಇಲ್ಲ.

“ಏನಯ್ಯಾ ಇದು? ಇವರೆಲ್ಲ ಅಳೋಕೆ ಬಂದಿದಾರೆ,” ಎಂದರು ಮೇಷ್ಟ್ರು. ನಿನ್ನ ಬೋರ್ಡು ಓದಿ ಬಂದಿದ್ದಾರೆ, ಏನು ಬರೆದಿದ್ದೀಯೆಂದು ಹೋಗಿ ಓದಿಕೋ ಎಂದು ಹಲ್ಲು ಕಡಿದರು.

ಒತ್ತಕ್ಷರ ಮನಸ್ಸಿನಲ್ಲೇ ಓದಿಕೊಂಡ. ಇನ್ನೊಮ್ಮೆ ಓದಿಕೊಂಡ. ಭಾವನ ಒಂದು ಬೆರಳಿನ ಜಾಗ ಈಗ ನೆನಪಾಯಿತು. ಆದರೂ ಅವನು ಹೇಳಿದ್ದು ಇಷ್ಟೇ: “ಬಂದಿದಾರಲ್ಲ ಮೇಷ್ಟ್ರೇ.”

ಮೇಷ್ಟ್ರು ನಿಜ ಹೇಳಿಬಿಡಬೇಕೆಂದು ಕೆಳಗಿಳಿದು ವೇದಿಕೆ ಹತ್ತಿದರು. ಹನ್ನೊಂದು ವರ್ಷದ ಚಿತ್ರಸಂಘದ ಬಾಳಿನಲ್ಲಿ ಅವರು ಅಷ್ಟು ಜನರನ್ನು ಒಟ್ಟಿಗೆ ಕಂಡಿರಲಿಲ್ಲ. ನಿಜ ಹೇಳಿದರೆ ಅರ್ಧ ಜನ ಎದ್ದುಹೋಗುತ್ತಾರೆ. ಅವರ ಕನ್ನಡಕ ಮಂಜಾಯಿತು. ದಯವಿಟ್ಟು ಪೂರ್ತಿ ನೋಡಿ ಎಂದಷ್ಟೇ ಹೇಳಿ ಇಳಿದುಬಿಟ್ಟರು. ಜನ ಅದನ್ನು ದುಃಖದ ಭಾರ ಎಂದು ತಿಳಿದು ಮರುಗಿದರು. ಕೆಳಗೆ ಗೇಟ್‌ಕೀಪರ್, ಇಪ್ಪತ್ತು ವರ್ಷದ ಹಿಂದೆ ಒತ್ತಕ್ಷರ ಬರೆದು ಟಿಕೆಟ್ ಕೌಂಟರಿನ ಹಿಂದೆ ದೂಳು ತಿನ್ನುತ್ತಿದ್ದ ‘ಹೌಸ್‌ಫುಲ್’ ಹಲಗೆಯನ್ನು ಒರೆಸಿ ಬಾಗಿಲಿಗೆ ತೂಗುಹಾಕಿದ.

ದೀಪ ಆರಿತು. ಪರದೆಯ ಮೇಲೆ ಮಂಜು ಕವಿದ ಬೀದಿ, ಟೋಪಿ ಹಾಕಿದ ಅಂಚೆಯವ, ಅವನ ಸೈಕಲ್ಲು. ದರ್ಜಿ ಪಕ್ಕದವನ ಕಿವಿಯಲ್ಲಿ, ಇದು ತೀರಿಕೊಂಡವರ ಜೀವನಚರಿತ್ರೆ, ಪ್ರಾಯದಲ್ಲಿ ಅವರು ಅಂಚೆಯವರಾಗಿದ್ದರು ಎಂದ. ಕಿವಿಯಿಂದ ಕಿವಿಗೆ ಅದು ಬಾಲ್ಕನಿಯವರೆಗೂ ಏರಿತು. ಪರದೆಯ ಮೇಲೆ ಅಂಚೆಯವ ಬಾತುಕೋಳಿಗೆ ಹೆದರಿ ಬೇಲಿ ಹತ್ತಿದಾಗ ನಗು ಬಂತು. ಆದರೆ ಸತ್ತವರ ವಿಷಯದಲ್ಲಿ ನಗುವುದು ಹೇಗೆ? ಜನ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಭುಜ ಕುಣಿಸಿದರು. ಪಕ್ಕದವರು ಅಳುತ್ತಿದ್ದಾರೆಂದು ತಿಳಿದು ಒಬ್ಬರನ್ನೊಬ್ಬರು ಸಂತೈಸಿದರು. ಸಾಹೇಬರಂತೂ ನಗು ತಡೆಯುವ ಭರದಲ್ಲಿ ಹೂಚಕ್ರದ ಹೂಗಳನ್ನು ಒಂದೊಂದಾಗಿ ಕಿತ್ತುಹಾಕಿದರು.

ಐದು ರೀಲು ಹೀಗೆ ಕಳೆಯಿತು. ಅಕ್ಕ ಆರನೆಯದಕ್ಕೆ ಕೈ ಚಾಚಿದಳು. ಒತ್ತಕ್ಷರ ಡಬ್ಬಿ ಕೊಟ್ಟ.

ಪರದೆ ಬೆಳಗುತ್ತಲೂ ಅಂಚೆಯವನ ತಲೆ ನರೆತಿತ್ತು. ಒಂದೇ ರೀಲಿನಲ್ಲಿ ಇಷ್ಟು ಮುದುಕನಾದನೇ ಎಂದು ಒತ್ತಕ್ಷರ ಅಚ್ಚರಿಪಟ್ಟ. ಮುದುಕ ಕೊನೆಯ ಕಾಗದವನ್ನು ಕೊನೆಯ ಮನೆಗೆ ಕೊಟ್ಟು, ಕಲ್ಲುಬೆಂಚಿನ ಮೇಲೆ ಕುಳಿತು, ಹಾಗೇ ಕಣ್ಣು ಮುಚ್ಚಿದ. ಬೀದಿಯವರೆಲ್ಲ ಟೋಪಿ ತೆಗೆದು ನಿಂತರು. ಸೈಕಲ್ಲು ಗೋಡೆಗೊರಗಿಯೇ ಉಳಿಯಿತು. ಮುಗಿಯಿತು ಎಂಬ ಅಕ್ಷರ ಮೂಡಿ ಪರದೆ ಬೆಳ್ಳಗಾಯಿತು.

ಕೆಳಗೆ ಜನವೆಲ್ಲ ಒಟ್ಟಿಗೆ ಎದ್ದುನಿಂತರು. ಈಗ ಯಾರೂ ನಗು ಅದುಮುತ್ತಿರಲಿಲ್ಲ. ನಿಜವಾದ ಕಣ್ಣೀರು. ಸಾಹೇಬರು ಬೋಳು ಹೂಚಕ್ರ ಹಿಡಿದು ವೇದಿಕೆ ಹತ್ತಿದರು.

ಮೇಲೆ ಕ್ಯಾಬಿನ್ನಿನಲ್ಲಿ ಒತ್ತಕ್ಷರ ಬೆವತುಹೋಗಿದ್ದ. ಮುಗಿದ ಸಿನಿಮಾಕ್ಕೆ ಇನ್ನೂ ಮೂರು ಡಬ್ಬಿ ಬಾಕಿ ಇದ್ದವು. ತಪ್ಪು ಎಲ್ಲಾಯಿತೆಂದು ಆಗ ಹೊಳೆಯಿತು. “ಅಕ್ಕ, ಆರು ಅಂತ ಒಂಬತ್ತು ಕೊಟ್ಟುಬಿಟ್ಟೆ. ಅವನು ಸತ್ತೇಹೋದ. ಈಗ ಏನು ಮಾಡೋದು?”

ಅಕ್ಕ ಬೆಳ್ಳಗಿನ ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಕೈ ಚಾಚಿದಳು.

“ಏಳು ಕೊಡು.”

“ಸತ್ತವನನ್ನ ಹೆಂಗಕ್ಕ ಮತ್ತೆ ತರೋದು?”

“ಡಬ್ಬಿಯಲ್ಲಿ ಇದಾನಲ್ಲ. ಕೊಡು.”

ವೇದಿಕೆಯ ಮೇಲೆ ಸಾಹೇಬರು ಎರಡನೆಯ ಪುಟದಲ್ಲಿದ್ದರು. ಅಗಲಿದವರು ಇನ್ನೆಂದೂ ನಮ್ಮ ನಡುವೆ ಮರಳಿ ಬರಲಾರರು ಎಂಬ ವಾಕ್ಯ ಓದಿ, ಧ್ವನಿ ನಡುಗಿಸಿ, ನಿಲ್ಲಿಸಿದರು. ಅದೇ ಕ್ಷಣಕ್ಕೆ ಅವರ ಹಿಂದೆ ಟ್ರಿಣ್ ಟ್ರಿಣ್ ಎಂದು ಸೈಕಲ್ ಗಂಟೆ ಮೊಳಗಿತು. ತೀರಿಕೊಂಡವನು ಕರಿಮೀಸೆಯೊಡನೆ ಪೂರ್ತಿ ಪರದೆಯಗಲ ಇಳಿಜಾರಿನಲ್ಲಿ ಬರುತ್ತಿದ್ದ, ನೇರವಾಗಿ ಸಾಹೇಬರ ಮೇಲೆ. ಸಾಹೇಬರು ತಿರುಗಿ ನೋಡಿ, ಹೂಚಕ್ರವನ್ನು ಕೊರಳಿಗೆ ಹಾಕಿಕೊಂಡು ಪಕ್ಕಕ್ಕೆ ಹಾರಿದರು. ಹಾಕಿಕೊಂಡದ್ದೋ ತಾನೇ ಬಿದ್ದದ್ದೋ ಇಂದಿಗೂ ತೀರ್ಮಾನವಾಗಿಲ್ಲ.

ಮೊದಲು ಕಿರುಚಿದವಳು ಚಿಕ್ಕಮ್ಮ. ಅಕ್ಕನಿಗೆ ಅಡ್ಡ ನಿಂತಿದ್ದವಳು ತಾನೇ ಬಾಲ್ಕನಿಯಲ್ಲಿ ಬಂದು ಕುಳಿತಿದ್ದಳು. ಎದ್ದು ಬಂದರು, ನಮ್ಮ ಅಳಿಯಂದಿರು ಎದ್ದು ಬಂದರು ಎಂದಳು. ಆಮೇಲೆ ದರ್ಜಿ ನಕ್ಕ. ಅವನ ಹಿಂದೆ ಇಡೀ ಟಾಕೀಸು ನಕ್ಕಿತು. ಒಂದು ಗಂಟೆಯಿಂದ ಕರವಸ್ತ್ರದಡಿ ಅದುಮಿಟ್ಟ ನಗುವೆಲ್ಲ ಕಟ್ಟೆಯೊಡೆಯಿತು. ಎಂಟನೆಯ ರೀಲಿನಲ್ಲಿ ಅಂಚೆಯವ ಸ್ಟೇಷನ್ ಮಾಸ್ತರನೊಡನೆ ಜಗಳವಾಡಿದಾಗ ಜನ ಕುರ್ಚಿಯ ಮೇಲೆ ನಿಂತು ಅಂಚೆಯವನ ಪಕ್ಷ ವಹಿಸಿದರು. ಕೊನೆಗೆ ಬಂದ ಆರನೆಯದರಲ್ಲಿ ಅವನು ಸೈಕಲ್ಲು ಹೊತ್ತು ಹೊಳೆ ದಾಟುತ್ತ ಮುಗ್ಗರಿಸಿದ. ಟೋಪಿ ಮಾತ್ರ ತೇಲಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅವನು ಮತ್ತೆ ಎದ್ದ. ಟೋಪಿಯಿಂದ ಒಂದು ಮೀನು ತೆಗೆದು ನೀರಿಗೆ ಬಿಟ್ಟು, ಗಂಟೆ ಬಾರಿಸುತ್ತ, ರಸ್ತೆಯ ತಿರುವಿನಲ್ಲಿ ಮರೆಯಾದ. ಅಲ್ಲಿಗೆ ಫಿಲಂ ಮುಗಿಯಿತು. ಮುಗಿಯಿತು ಎಂಬ ಅಕ್ಷರ ಮಾತ್ರ ಬರಲಿಲ್ಲ. ಅದು ಆಗಲೇ ಬಂದು ಹೋಗಿತ್ತು. ಜನ ಬಹಳ ಹೊತ್ತು ಆ ತಿರುವನ್ನೇ ನೋಡುತ್ತ ಕುಳಿತರು, ಇನ್ನೊಮ್ಮೆ ಬಂದರೂ ಬಂದಾನು ಎಂಬಂತೆ.

ಕ್ಯಾಬಿನ್ನಿನಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೋಮವಾರದಿಂದ ಬಾರದ ಕಣ್ಣೀರು ಈಗ ನಗುವಿನ ಜೊತೆ ಬಂದಿತ್ತು. “ಕೇಳಿಸ್ತಾ?” ಎಂದಳು, ಕೆಳಗಿನ ಗದ್ದಲದ ಕಡೆ ತಲೆಯಾಡಿಸಿ. “ತುಂಬಿದ ಟಾಕೀಸಲ್ಲಿ ಹಿಂಗಿರತ್ತೆ ಅಂತ ಹೇಳು ಅವರಿಗೆ.”

ಮರುದಿನದಿಂದ ಹೊಸ ಬ್ರಿಟಿಷ್ ಸಿನಿಮಾಗಳಿಗೂ ಜನ ಬಂದರು. ಇವತ್ತು ಯಾರ ಶೋಕ ಎಂದು ಕೇಳಿಕೊಂಡೇ ಬಂದರು. ಸಾಹೇಬರು ಉಳಿದ ಆರಕ್ಕೂ ಮುಂದಿನ ಸಾಲಿನಲ್ಲಿದ್ದರು, ಹೂಚಕ್ರ ತರಲಿಲ್ಲ ಅಷ್ಟೇ. ಅಳುಕುತ್ತಿದ್ದ ಮೇಷ್ಟ್ರು ಕಡೆಗೆ ಬಾಯಿಬಿಟ್ಟು ನಿಜ ಹೇಳಿದಾಗ ದರ್ಜಿಯೊಬ್ಬನೇ ನಂಬಲಿಲ್ಲ. ಭಾವ ಬ್ರಿಟಿಷರೇ ಎಂದು ಅವನು ಈಗಲೂ ಹೇಳುತ್ತಾನೆ.

ಆ ಭಾನುವಾರ ಬೆಳಗ್ಗೆ ಒತ್ತಕ್ಷರ ಏಣಿ ಹತ್ತಿ, ಕಪ್ಪು ಅಕ್ಷರಗಳನ್ನು ಒರೆಸಿ ಹೊಸದಾಗಿ ಬರೆದ. ‘ಶೋ’ ಎಂದು ಬರೆದು ಕುಂಚ ಎತ್ತಿದ. ಪಕ್ಕದಲ್ಲಿ ತನ್ನ ತೋರುಬೆರಳನ್ನು ತಗಡಿಗೆ ಒತ್ತಿ ಹಿಡಿದು, ಅದರಾಚೆಯಿಂದ ‘ಕಾರ್ಯಕ್ರಮ’ ಎಂದು ಬರೆದ. ಬೆರಳು ತೆಗೆದಾಗ ಅಲ್ಲಿ ಅಷ್ಟೇ ಅಗಲದ ಬಿಳಿಯ ಜಾಗ ಉಳಿದಿತ್ತು. ಫೋಟೋದಲ್ಲಿದ್ದ ಭಾವನ ಹ್ಯಾಟಿನ ಅಂಚು ಅವನ ಮೊಣಕೈಗೆ ತಾಕುತ್ತಿತ್ತು. ಏಣಿಯ ಮೇಲೆ ನಿಂತೇ ಅವನು ಕೈಮುಗಿದ.

ಭಗವಂತ, ಕಿಂಡಿಯಿಂದಲೇ ಲೋಕವನ್ನು ನೋಡಿ ಹೋದ ಆ ಜೀವವನ್ನು ನಿನ್ನ ಮನೆಯ ಒಳ್ಳೆಯ ಕುರ್ಚಿಯಲ್ಲಿ ಕೂರಿಸು. ಉಸಿರಾಡಲು ಜಾಗ ಕೊಡು. ನಿನ್ನ ಡಬ್ಬಿಗಳ ಕ್ರಮ ನೀನೇ ಬಲ್ಲೆ. ನಮಗೆ ಕೊನೆಯದೆಂದು ಕಂಡದ್ದರ ಆಚೆಗೆ ನಿನ್ನಲ್ಲಿ ಇನ್ನೂ ಮೂರಿದ್ದರೆ, ಅವನ್ನು ಅವರಿಗೆ ತೋರಿಸು. ಅವರ ಆತ್ಮ ಶಾಂತಿಯಿಂದಿರಲಿ.